ಫುಟ್‌ಪಾತ್ ಇದ್ದೂ ರಸ್ತೆಗಿಳಿಯುವುದೇಕೆ?

ಹೆಸರು ಹಾಕಬೇಡಿ ಎಂದಿರುವ ಬೆಂಗಳೂರಿನ ಓದುಗರಿಗೆ, ನಮಸ್ಕಾರ.

ನಿಮ್ಮ ಬಡಾವಣೆಯಲ್ಲಿ ಹೊಸ ಫುಟ್‌ಪಾತ್ ಆಗಿದೆ. ಆದರೂ ಜನ ರಸ್ತೆಯಲ್ಲೇ ನಡೆಯುತ್ತಾರೆ. ‘ನಡೆಯುವವರಿಗೇ ಬೇಡವಾದ ಮೇಲೆ ಸುಮ್ನೆ ರಸ್ತೆ ಕಿರಿದು ಮಾಡಿ ದುಡ್ಡು ಯಾಕೆ ಸುರಿಯಬೇಕು?’ ಎಂದು ಕೇಳಿದ್ದೀರಿ.

ಪತ್ರ ಬಂದ ಮರುದಿನ ಹಾಲು ತರಲು ಹೋದಾಗ ನಾನೂ ಲೆಕ್ಕ ಹಾಕಿದೆ. ನಮ್ಮ ಮನೆಯಿಂದ ಹಾಲಿನ ಬೂತಿಗೆ ಮುನ್ನೂರು ಹೆಜ್ಜೆ ಇರಬಹುದು. ಅಷ್ಟರಲ್ಲಿ ಒಂಬತ್ತು ಸಲ ಇಳಿದು ಹತ್ತಿದೆ. ಕಾರು ಒಳಗೆ ಹೋಗಲಿ ಎಂದು ಗೇಟು ಗೇಟಿನ ಮುಂದೆ ಫುಟ್‌ಪಾತ್ ಕಡಿದಿದ್ದಾರೆ. ನಡುವೆ ಒಂದು ಟ್ರಾನ್ಸ್‌ಫಾರ್ಮರ್. ಇನ್ನೊಂದು ಕಡೆ ಮೋರಿ ಮೇಲಿನ ಚಪ್ಪಡಿ ಬಾಯಿ ಬಿಟ್ಟಿದೆ. ನನ್ನ ಮುಂದಿದ್ದ ಅಜ್ಜಿ ಎರಡನೇ ಗೇಟಿನ ಹತ್ತಿರ ರಸ್ತೆಗಿಳಿದವರು ಮತ್ತೆ ಮೇಲೆ ಹತ್ತಲೇ ಇಲ್ಲ. ಮಂಡಿ ನೋವಿಗಿಂತ ಆಟೋ ಹಾರನ್ನೇ ವಾಸಿ ಅನ್ನಿಸಿರಬೇಕು.

ಜನರಿಗೆ ಫುಟ್‌ಪಾತ್ ಬೇಡ ಎಂದಲ್ಲ, ಅಲ್ವಾ? ರಸ್ತೆ ಹೇಗಿರಬೇಕು ಎಂದು ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ 2012ರ ಮಾರ್ಗಸೂಚಿ ಓದಿ ನೋಡಿ. ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಎತ್ತರ 150 ಮಿಲಿಮೀಟರ್ ಮೀರಬಾರದು, ಅಂದರೆ ಅರ್ಧ ಅಡಿ. ನಮ್ಮಲ್ಲಿ ಎಷ್ಟೋ ಕಡೆ ಅದು ಮೊಳಕಾಲಿಗೆ ಬರುತ್ತದೆ! ಗೇಟಿನ ಮುಂದೆ ಫುಟ್‌ಪಾತ್ ಸಮನಾಗಿಯೇ ಸಾಗಲಿ, ಕಾರು ಹತ್ತಿ ಇಳಿಯಲಿ. ಅದಕ್ಕೆ ಎಂಜಿನ್ ಇದೆ.

ರಸ್ತೆ ಕಿರಿದಾದರೆ ಟ್ರಾಫಿಕ್ ಜಾಸ್ತಿ ಆಗುತ್ತದೆ ಎಂಬ ಮಾತು ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸ ಯೋಜನೆಯ ಕೆಲಸ ನಡೆದಾಗಲೂ ಎದ್ದಿತ್ತು. ಕೊಡದ ಹೊಟ್ಟೆ ಎಷ್ಟೇ ದೊಡ್ಡದಿದ್ದರೂ ನೀರು ಸುರಿಯುವುದು ಬಾಯಿ ಅಗಲದಷ್ಟೇ. ಒಂದು ಕಡೆ ನಾಲ್ಕು ಲೇನ್, ಮುಂದೆ ಎರಡು ಎಂದಿದ್ದರೆ ಜಾಮ್ ಆಗುವುದು ಆ ಎರಡರಲ್ಲಿ. ಅದಕ್ಕೇ ಅಲ್ಲಿ ಲೇನ್‌ಗಳನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ಉಳಿದ ಜಾಗವನ್ನು ನಡೆಯುವವರಿಗೆ ಕೊಟ್ಟರು. ಪೈಪು, ಕೇಬಲ್ಲುಗಳನ್ನು ಫುಟ್‌ಪಾತಿನ ಕೆಳಗೆ ಸೇರಿಸಿದರು. ಕೆಟ್ಟರೆ ಮುಚ್ಚಳ ತೆಗೆದರೆ ಸಾಕು, ರಸ್ತೆ ಅಗೆಯಬೇಕಿಲ್ಲ. ಎಲ್ಲವೂ ಸರಿಹೋಯಿತು ಎನ್ನಲಾರೆ. ಅಷ್ಟು ಅಗಲ ಕಂಡ ಬೈಕಿನವರು ಸುಮ್ಮನಿರುತ್ತಾರೆಯೇ?

ನೀವೂ ಒಮ್ಮೆ ಎಣಿಸಿ ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಜೊತೆ ಹೋಗಿ. ಅಂದಹಾಗೆ, ನಾನು ಎಣಿಸಿದ ಒಂಬತ್ತರಲ್ಲಿ ಮೊದಲನೆಯದು ನಮ್ಮ ಮನೆ ಗೇಟಿನದೇ.

- ಸಂಪಾದಕ