ಪೋರ್ಟ್ ಬ್ಲೇರ್‌ಗೆ ವರ್ಗವಾಗಿದೆ, ಅಲ್ಲಿ ಬದುಕು ಹೇಗೆ?

ಹೋದ ಸಂಚಿಕೆಯ ಉತ್ತರವೊಂದರಲ್ಲಿ, ನಾನು ಅಂಡಮಾನಿನಲ್ಲಿ ಏಳು ವರ್ಷ ಇದ್ದೆ ಎಂದು ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಆ ಊರಿನ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ನಮ್ಮ ಯಜಮಾನರು ಕೇಂದ್ರ ಸರ್ಕಾರದ ಕೆಲಸದಲ್ಲಿದ್ದರು. 1996ರಿಂದ 2003ರವರೆಗೆ ಪೋರ್ಟ್ ಬ್ಲೇರ್‌ನ ಡೆಲಾನಿಪುರದಲ್ಲಿ ನಮ್ಮ ಮನೆ. ಅಲ್ಲಿನ ಶಾಲೆಯೊಂದರಲ್ಲಿ ನಾನು ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತಿದ್ದೆ. ಈಗ ಹನುಮಂತನಗರದಲ್ಲಿದ್ದೇನೆ. ಆದರೂ ಮೇ ತಿಂಗಳು ಬಂತೆಂದರೆ ಅಲ್ಲಿ ಮಳೆ ಶುರುವಾಯಿತಾ ಎಂದು ಪೇಪರ್‌ನಲ್ಲಿ ಮೊದಲು ನೋಡುತ್ತೇನೆ.

ಪ್ರಶ್ನೆ: ನನ್ನ ಗಂಡನಿಗೆ ಪೋರ್ಟ್ ಬ್ಲೇರ್‌ಗೆ ವರ್ಗವಾಗಿದೆ. ಏಪ್ರಿಲ್‌ನಲ್ಲಿ ಹೊರಡಬೇಕು. ನಾಲ್ಕು ವರ್ಷದ ಮಗ ಇದ್ದಾನೆ. ಅಲ್ಲಿ ನೀರಿಗೆ ತುಂಬಾ ಕಷ್ಟ ಅಂತಾರೆ. ವರ್ಷಕ್ಕೆ ಎಂಟು ತಿಂಗಳು ಮಳೆ ಅಂತಾನೂ ಅಂತಾರೆ. ಯಾವುದು ನಿಜ ಮೇಡಂ?
*(ಹೆಬ್ಬಾಳದ ಓದುಗರು)*

ಉತ್ತರ: ಎರಡೂ ನಿಜ. ಅದು ಹೇಗೆ ಅಂತ ಗೊತ್ತಾದರೆ ಅರ್ಧ ಭಯ ಕಡಿಮೆಯಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಪೋರ್ಟ್ ಬ್ಲೇರ್‌ನಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ನಮ್ಮ ಬೆಂಗಳೂರಿನ ಮೂರು ಪಟ್ಟು. ಮುಂಗಾರು ಕೇರಳಕ್ಕೆ ಬರುವುದು ಜೂನ್ ಒಂದರ ಹೊತ್ತಿಗೆ. ಅಲ್ಲಿಗೆ ಮೇ ಮೂರನೇ ವಾರಕ್ಕೇ ಬಂದಿರುತ್ತದೆ. ಸೆಪ್ಟೆಂಬರ್‌ವರೆಗೆ ಆ ಮಳೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಹಿಂಗಾರು. ಅದು ಡಿಸೆಂಬರ್‌ವರೆಗೂ ಎಳೆಯುತ್ತದೆ. ಆಮೇಲೆ ಜನವರಿಯಿಂದ ಏಪ್ರಿಲ್‌ವರೆಗೆ ಆಕಾಶ ಬಿಕೋ ಅನ್ನುತ್ತದೆ. ಕಷ್ಟ ಇರುವುದು ಈ ನಾಲ್ಕು ತಿಂಗಳಲ್ಲಿ. ನೀವು ಹೋಗುತ್ತಿರುವುದು ಅದರ ಕೊನೆಯ ತಿಂಗಳಿಗೆ.

ಅಷ್ಟು ಮಳೆ ಬಿದ್ದರೂ ನೀರು ಯಾಕೆ ನಿಲ್ಲುವುದಿಲ್ಲ? ಊರು ಇರುವುದು ಗುಡ್ಡಗಳ ಮೇಲೆ. ಆ ದ್ವೀಪಗಳೇ ಕಡಲಲ್ಲಿ ಮುಳುಗಿದ ಒಂದು ಬೆಟ್ಟಸಾಲಿನ ತಲೆಗಳು. ಮ್ಯಾನ್ಮಾರ್‌ನ ಅರಾಕನ್ ಬೆಟ್ಟಗಳು ಸಮುದ್ರದೊಳಗೆ ಇಳಿದು ಮತ್ತೆ ಇಲ್ಲಿ ತಲೆ ಎತ್ತಿವೆ ಅಂದುಕೊಳ್ಳಿ. ಗುಡ್ಡದ ಮೇಲೆ ಬಿದ್ದ ಹನಿ ಕಡಲು ಸೇರುವುದಕ್ಕೆ ನಾಲ್ಕೈದು ಕಿಲೋಮೀಟರ್ ಹರಿದರೆ ಸಾಕು. ದೊಡ್ಡ ನದಿ ಆಗುವುದಕ್ಕೆ ಅಲ್ಲಿ ಜಾಗವೇ ಇಲ್ಲ. ನೆಲದಡಿಯ ಕಲ್ಲೂ ನೀರು ಹೆಚ್ಚು ಹಿಡಿದಿಟ್ಟುಕೊಳ್ಳುವ ಜಾತಿಯದಲ್ಲ. ಬೋರ್‌ವೆಲ್ ಕೊರೆಸಿಬಿಡೋಣ ಅನ್ನುವ ನಮ್ಮ ಬೆಂಗಳೂರಿನ ಯೋಚನೆ ಅಲ್ಲಿ ನಡೆಯುವುದಿಲ್ಲ. ಊರು ಬಹುಪಾಲು ನಂಬಿಕೊಂಡಿರುವುದು ಧನಿಖಾರಿ ಅಣೆಕಟ್ಟೆಯನ್ನು. ಮಾರ್ಚ್ ಹೊತ್ತಿಗೆ ಅದರ ಮಟ್ಟ ಇಳಿಯುತ್ತದೆ, ನಲ್ಲಿಯ ಸರದಿ ಶುರುವಾಗುತ್ತದೆ.

ನಾವಿದ್ದಾಗ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ನೀರು ಬರುತ್ತಿತ್ತು. ಹೋದ ಮೊದಲ ವರ್ಷ ನಾನು ಎರಡು ಬಿಂದಿಗೆ, ಒಂದು ಬಕೆಟ್ ಇಟ್ಟುಕೊಂಡು ಕಾದಿದ್ದೆ. ಎರಡನೇ ದಿನ ಮಗುವಿನ ಬಟ್ಟೆ ಒಗೆಯುವುದಕ್ಕೂ ನೀರಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು ನಮ್ಮ ಹಿತ್ತಲು ನೋಡಿದರು. ಏನೂ ಮಾತಾಡಲಿಲ್ಲ. ಸಂಜೆ ಮೊಮ್ಮಗನ ಕೈಲಿ ಒಂದು ನೀಲಿ ಡ್ರಮ್ ಉರುಳಿಸಿಕೊಂಡು ಬಂದರು. ಅಲ್ಲಿಯ ಮನೆಗಳಿಗೆಲ್ಲ ತಗಡಿನ ಸೂರು. ಸೂರಿನ ಅಂಚಿಗೆ ಸೀಳಿದ ಬಿದಿರನ್ನೋ ಪೈಪನ್ನೋ ಕಟ್ಟಿ ಡ್ರಮ್ಮಿಗೆ ಬಿಡುತ್ತಾರೆ. ಮೊದಲ ಮಳೆಯ ನೀರನ್ನು ಹಿಡಿಯುವುದಿಲ್ಲ, ಅದು ಸೂರಿನ ಧೂಳು ತೊಳೆಯಲಿ ಅಂತ ಬಿಟ್ಟುಬಿಡುತ್ತಾರೆ. ಎರಡನೆಯದರಿಂದ ಹಿಡಿಯುವುದು. ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಬಿಗಿದು ಕಟ್ಟಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಇದನ್ನೆಲ್ಲ ಕಲಿಸಿದ್ದು ಆ ಅಜ್ಜಿ.

ನಿಮಗೆ ನನ್ನ ಮಾತು ಇಷ್ಟೇ. ಮನೆ ನೋಡುವಾಗ ಸಮುದ್ರ ಕಾಣುತ್ತದಾ ಅಂತ ಆಮೇಲೆ ಕೇಳಿ. ಸಂಪು ಎಷ್ಟು ಲೀಟರಿನದು, ನೀರು ಯಾವ ಯಾವ ದಿನ ಬರುತ್ತದೆ ಅಂತ ಮೊದಲು ಕೇಳಿ. ಗುಡ್ಡದ ತುದಿಯ ಮನೆಗೆ ನೀರು ಏರುವುದು ಕಷ್ಟ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದಿದ್ದೀರಲ್ಲ, ನಿಮಗೆ ಇದು ಪೂರ್ತಿ ಹೊಸದೇನಲ್ಲ.

ಸೆಕೆಗೆ ಹೆದರಬೇಡಿ. ವರ್ಷವಿಡೀ 23ರಿಂದ 32 ಡಿಗ್ರಿ ಒಳಗೇ ಇರುತ್ತದೆ. ಆದರೆ ಗಾಳಿಯಲ್ಲಿ ತೇವ ಜಾಸ್ತಿ. ನಮ್ಮ ಮಂಗಳೂರಿನ ಹಾಗೇ ಅಲ್ಲೂ ಬೆವರು ಆರುವುದಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ರೇಷ್ಮೆ ಸೀರೆಗಳನ್ನು ದಯವಿಟ್ಟು ಅಮ್ಮನ ಮನೆಯಲ್ಲೇ ಬಿಟ್ಟು ಹೋಗಿ. ಇನ್ನೊಂದು, ಚಂಡಮಾರುತ ಎದ್ದಾಗ ಹಡಗು ನಿಲ್ಲುತ್ತದೆ. ಚೆನ್ನೈನಿಂದ ಬರುವ ಈರುಳ್ಳಿ, ಆಲೂಗಡ್ಡೆ ಬಾರದೆ ಬೆಲೆ ಏರುತ್ತದೆ. ಹತ್ತು ದಿನದ ಬೇಳೆ, ಅಕ್ಕಿ ಮನೆಯಲ್ಲಿ ಯಾವಾಗಲೂ ಇರಲಿ.

ಪ್ರಶ್ನೆ: ಅಂಡಮಾನಿಗೆ ಹೋಗಿ ಬಂದ ನನ್ನ ಫ್ರೆಂಡ್, ಅಲ್ಲಿ ಸಾಯಂಕಾಲ ಐದು ಗಂಟೆಗೇ ಕತ್ತಲಾಗುತ್ತದೆ ಅಂದ. ಯಾಕೆ?
*(ಕೆ.ಆರ್. ಪುರದ ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿ)*

ಉತ್ತರ: ನಿನ್ನ ಅಟ್ಲಾಸ್ ತೆಗಿ ಪುಟ್ಟಾ. ಬೆಂಗಳೂರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಪೋರ್ಟ್ ಬ್ಲೇರ್ 92.7ರಲ್ಲಿ. ವ್ಯತ್ಯಾಸ 15 ಡಿಗ್ರಿ. ಭೂಮಿ 15 ಡಿಗ್ರಿ ತಿರುಗುವುದಕ್ಕೆ ಎಷ್ಟು ಹೊತ್ತು? ಸರಿಯಾಗಿ ಒಂದು ಗಂಟೆ. ಸೂರ್ಯ ಅಲ್ಲಿ ಒಂದು ಗಂಟೆ ಮೊದಲೇ ಹುಟ್ಟುತ್ತಾನೆ, ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಗಡಿಯಾರ ಮಾತ್ರ ಇಬ್ಬರದೂ ಒಂದೇ. ಜೂನ್‌ನಲ್ಲಿ ಐದು ಗಂಟೆಗೆಲ್ಲ ನಮ್ಮ ಕಿಟಕಿಗೆ ಬಿಸಿಲು ಬಿದ್ದಿರುತ್ತಿತ್ತು. ಡಿಸೆಂಬರ್‌ನಲ್ಲಿ ಮಕ್ಕಳು ಸ್ಕೂಲಿನಿಂದ ಬಂದು ತಿಂಡಿ ತಿನ್ನುವಷ್ಟರಲ್ಲಿ ಆಟಕ್ಕೆ ಬೆಳಕೇ ಇರುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಅಜ್ಜಿ ಯಾರಾದರೂ ತಪ್ಪು ಮಾಡಿದರೆ "ಕರಿನೀರಿಗೆ ಕಳಿಸ್ತಾರೆ" ಅನ್ನುತ್ತಿದ್ದರು. ಈಗ ಅಲ್ಲಿರುವವರೆಲ್ಲ ಆ ಕೈದಿಗಳ ಮಕ್ಕಳೇ? ಅಥವಾ ಕಾಡಿನ ಜನರೇ?
*(ಮಲ್ಲೇಶ್ವರದ ನಿವೃತ್ತ ಉದ್ಯೋಗಿ)*

ಉತ್ತರ: ನಿಮ್ಮ ಪ್ರಶ್ನೆಯನ್ನೇ ನಾನೂ ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಡ್ರಮ್ ಕೊಟ್ಟ ಅಜ್ಜಿ ಅಂದೆನಲ್ಲ, ಅವರನ್ನು ಅಲ್ಲಿ "ಲೋಕಲ್ ಬಾರ್ನ್" ಅನ್ನುತ್ತಾರೆ. 1858ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ನೆಲೆ ಮಾಡಿದರು. ಕೆಲವು ವರ್ಷ ನಡತೆ ಚೆನ್ನಾಗಿದ್ದ ಕೈದಿಗೆ ಹೊರಗೆ ಇರುವುದಕ್ಕೆ, ಜಮೀನು ಮಾಡುವುದಕ್ಕೆ, ಅಲ್ಲೇ ಇದ್ದ ಹೆಣ್ಣು ಕೈದಿಯನ್ನು ಮದುವೆಯಾಗುವುದಕ್ಕೆ ಅನುಮತಿ ಸಿಗುತ್ತಿತ್ತು. ಗಂಡು ಪಂಜಾಬಿನವನು, ಹೆಣ್ಣು ಬಂಗಾಳದವಳು. ಜಾತಿ ಬೇರೆ, ಎಷ್ಟೋ ಸಲ ಧರ್ಮವೂ ಬೇರೆ. ಇಬ್ಬರಿಗೂ ಸ್ವಲ್ಪ ಸ್ವಲ್ಪ ಬರುತ್ತಿದ್ದದ್ದು ಹಿಂದೂಸ್ತಾನಿ. ಅವರ ಮಕ್ಕಳಿಗೆ ಅದೇ ಮಾತೃಭಾಷೆ ಆಯಿತು. ಇವತ್ತಿಗೂ ಊರನ್ನೆಲ್ಲ ಒಂದು ಮಾಡಿರುವುದು ಆ ಹಿಂದಿಯೇ.

ನಾನು ಒಂದು ದಿನ ಬಾಯಿ ತಪ್ಪಿ "ನಿಮ್ಮ ಜಾತಿ ಯಾವುದು ಅಜ್ಜಿ" ಅಂತ ಕೇಳಿಬಿಟ್ಟೆ. ಬೇಜಾರು ಮಾಡಿಕೊಳ್ಳಲಿಲ್ಲ. "ಹಡಗು ಹತ್ತಿದಾಗ ಅಲ್ಲೇ ಬಿಟ್ಟುಬಂದರು, ಯಾರೂ ವಾಪಸ್ ತರೋಕೆ ಹೋಗಲಿಲ್ಲ" ಅಂದರು. ಅವತ್ತಿನಿಂದ ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿಲ್ಲ.

ಆದರೆ ಊರಿನಲ್ಲಿ ಅವರೊಬ್ಬರೇ ಅಲ್ಲ. 2011ರ ಜನಗಣತಿಯಲ್ಲಿ ಇಡೀ ದ್ವೀಪಸಮೂಹದ ಜನಸಂಖ್ಯೆ 3.8 ಲಕ್ಷ. ಅದರಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟವರು ಪೋರ್ಟ್ ಬ್ಲೇರ್‌ನಲ್ಲೇ ಇದ್ದರು. ಎಲ್ಲರಿಗಿಂತ ಹೆಚ್ಚು ಬಂಗಾಳಿ ಮಾತಾಡುವವರು. ದೇಶ ಒಡೆದ ಮೇಲೆ, 1949ರಿಂದ, ಪೂರ್ವ ಬಂಗಾಳದ ನಿರಾಶ್ರಿತರಿಗೆ ಅಲ್ಲಿ ಜಮೀನು ಕೊಟ್ಟರು. ಜಂಗ್ಲಿಘಾಟ್‌ನಲ್ಲಿ ತೆಲುಗು ಮೀನುಗಾರರು. ಅವರಿಗೂ ಯುಗಾದಿಯೇ ವರ್ಷದ ಮೊದಲ ದಿನ ಅಲ್ವಾ, ನಾವು ಬೇವು-ಬೆಲ್ಲ ಹಂಚಿಕೊಂಡು ತಿನ್ನುತ್ತಿದ್ದೆವು. ತಮಿಳರು ಬಹಳ. 1921ರ ದಂಗೆಯ ನಂತರ ಮಲಬಾರಿನಿಂದ ಕಳಿಸಿದ ಮಾಪಿಳ್ಳೆಗಳ ಕುಟುಂಬಗಳು ಇವೆ. ಕಾಡು ಕಡಿಯುವ ಕೆಲಸಕ್ಕೆ ಛೋಟಾನಾಗಪುರದಿಂದ ಬಂದ ಮುಂಡಾ, ಓರಾಂವ್ ಜನರನ್ನು ಅಲ್ಲಿ ಎಲ್ಲರೂ "ರಾಂಚಿ" ಎಂದೇ ಕರೆಯುತ್ತಾರೆ. ಮಾಯಾಬಂದರ್ ಹತ್ತಿರ 1925ರಲ್ಲಿ ಬರ್ಮಾದಿಂದ ಬಂದ ಕರೆನ್ ಜನರ ಹಳ್ಳಿಗಳಿವೆ. ಕನ್ನಡದ ಮನೆಗಳು ನಮ್ಮ ಕಾಲದಲ್ಲಿ ಬೆರಳೆಣಿಕೆ. ಎಲ್ಲರೂ ನಮ್ಮ ಕಡೆಯ ಭಾರತವನ್ನು "ಮೇನ್‌ಲ್ಯಾಂಡ್" ಅನ್ನುತ್ತಾರೆ.

"ಕಾಡಿನ ಜನ" ಅಂದಿರಲ್ಲ, ಅವರು ಅಲ್ಲಿಯ ಮೂಲ ಒಡೆಯರು. ಸಾವಿರಾರು ವರ್ಷಗಳಿಂದ ಇದ್ದವರು. ಪೋರ್ಟ್ ಬ್ಲೇರ್ ಸುತ್ತಮುತ್ತಲ ಕಡಲತೀರ ಗ್ರೇಟ್ ಅಂಡಮಾನೀಯರದಾಗಿತ್ತು. ಬ್ರಿಟಿಷರು ಬಂದಾಗ ಅವರು ಸಾವಿರಾರು ಮಂದಿ. ರೋಗಗಳು ಬಂದವು, ಜಾಗ ಹೋಯಿತು. 1961ರ ಜನಗಣತಿಯಲ್ಲಿ ಉಳಿದವರು 19 ಜನ. ಈಗ ಸ್ಟ್ರೇಟ್ ಐಲ್ಯಾಂಡ್‌ನಲ್ಲಿ ಸುಮಾರು ಐವತ್ತು ಮಂದಿ ಇರಬಹುದು. ಅವರ ಒಂದು ಭಾಷೆ 'ಬೋ'. ಅದನ್ನು ಬಲ್ಲ ಕೊನೆಯವರು ಬೋವಾ ಸೀನಿಯರ್ ಎಂಬ ಅಜ್ಜಿ. 2010ರ ಜನವರಿಯಲ್ಲಿ ಅವರು ಹೋದರು, ಭಾಷೆಯೂ ಹೋಯಿತು. ಮನೆಯಲ್ಲಿ ಮೊಮ್ಮಕ್ಕಳ ಹತ್ತಿರ ಕನ್ನಡ ಮಾತಾಡುವಾಗ ಅವರ ನೆನಪಾಗುತ್ತದೆ. ತನ್ನ ಮಾತು ಬಲ್ಲವರು ಸುತ್ತ ಒಬ್ಬರೂ ಇಲ್ಲದೆ ಅವರು ಎಷ್ಟೋ ವರ್ಷ ಬದುಕಿದರು.

ಪ್ರಶ್ನೆ: ಡಿಸೆಂಬರ್ ರಜೆಗೆ ಹೋಗುತ್ತಿದ್ದೇವೆ. ಬಾರಾಟಂಗ್ ದ್ವೀಪಕ್ಕೆ ಹೋಗುವ ದಾರಿಯಲ್ಲಿ ಜಾರವಾ ಬುಡಕಟ್ಟಿನ ಜನರನ್ನು ನೋಡಬಹುದು ಎಂದು ಟ್ರಾವೆಲ್ಸ್‌ನವರು ಹೇಳುತ್ತಿದ್ದಾರೆ. ಮಕ್ಕಳಿಗೆ ತೋರಿಸಬಹುದೇ?
*(ಬಸವನಗುಡಿಯ ಓದುಗರು)*

ಉತ್ತರ: ಬೇಡ. ದಯವಿಟ್ಟು ಆ ಆಸೆಯಿಂದ ಹೋಗಬೇಡಿ. ಹಾಗೆ ಹೇಳಿ ಟಿಕೆಟ್ ಮಾರುವವರ ಹತ್ತಿರ ದುಡ್ಡನ್ನೂ ಕಟ್ಟಬೇಡಿ.

ಅವರನ್ನು ನೋಡುವುದಕ್ಕೆ ಹೋಗುವುದು, ಫೋಟೋ ತೆಗೆಯುವುದು, ತಿಂಡಿ ಕೊಡುವುದು ಎಲ್ಲವೂ ಅಪರಾಧ. ಜೈಲಾಗುತ್ತದೆ. ಈ ಬುಡಕಟ್ಟುಗಳ ರಕ್ಷಣೆಗೆ 1956ರಿಂದಲೇ ಕಾನೂನಿದೆ. ಆದರೆ ನಾನು ಬೇಡ ಅನ್ನುವುದು ಬರೀ ಕಾನೂನಿಗಾಗಿ ಅಲ್ಲ. ಜಾರವಾ ಜನ ಹೊರಗಿನವರ ಹತ್ತಿರ ತಾವಾಗಿ ಬರತೊಡಗಿದ್ದು 1997ರ ಹೊತ್ತಿಗೆ. ನಾನಾಗ ಅಲ್ಲೇ ಇದ್ದೆ. 1999ರಲ್ಲಿ ಅವರಿಗೆ ದಡಾರ ಹರಡಿತು. ನಮ್ಮ ಮಕ್ಕಳಿಗೆ ದಡಾರ ಅಂದರೆ ಒಂದು ವಾರದ ಜ್ವರ, ಬೇವಿನ ಸೊಪ್ಪು. ಅವರ ಮೈಗೆ ಆ ರೋಗದ ಪರಿಚಯವೇ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ.

ಬಾರಾಟಂಗ್‌ನ ಸುಣ್ಣಕಲ್ಲಿನ ಗುಹೆ, ಮಣ್ಣಿನ ಜ್ವಾಲಾಮುಖಿ ಮಕ್ಕಳಿಗೆ ತೋರಿಸಬೇಕಾದ್ದೇ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಗಾಡಿಗಳನ್ನು ಸಾಲಾಗಿ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ಆ ದಾರಿಯಲ್ಲಿ ಹೋಗಲೇಬೇಕಾದರೆ ಕಿಟಕಿ ಏರಿಸಿ, ಮೊಬೈಲ್ ಬ್ಯಾಗಿನಲ್ಲಿಡಿ. ನಾವು ಅವರ ಅಂಗಳ ದಾಟುತ್ತಿದ್ದೇವೆ ಅಂತ ಮಕ್ಕಳಿಗೆ ಮೊದಲೇ ಹೇಳಿ. ಊರಿನಲ್ಲೇ ನೋಡುವುದು ಬೇಕಾದಷ್ಟಿದೆ. 1883ರಲ್ಲಿ ಶುರುವಾದ ಚಾಥಮ್ ಮರದ ಮಿಲ್ಲಿಗೆ ಹೋಗಿ. ಹೊಸದಾಗಿ ಸೀಳಿದ ಪಡೌಕ್ ಮರದ ಕೆಂಪು ನೋಡಿದವರು ಮರೆಯುವುದಿಲ್ಲ.

ಪ್ರಶ್ನೆ: ಪೋರ್ಟ್ ಬ್ಲೇರ್ ಹೆಸರು ಬದಲಾಗಿದೆಯಂತೆ. ನಮ್ಮ ವಿಜಯಪುರದ ಹೆಸರನ್ನೇ ಇಟ್ಟರಾ?
*(ಯಶವಂತಪುರದ ಓದುಗರು)*

ಉತ್ತರ: 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ನಮ್ಮ ವಿಜಯಪುರಕ್ಕೂ ಅದಕ್ಕೂ ಸಂಬಂಧ ಇಲ್ಲ. 2018ರಲ್ಲೇ ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪ ಆಯಿತು, ನೀಲ್ ದ್ವೀಪ ಶಹೀದ್ ದ್ವೀಪ ಆಯಿತು. ಟಿಕೆಟ್ ಮಾಡಿಸುವಾಗ ಎರಡೂ ಹೆಸರು ನೆನಪಿರಲಿ. ನಾನು ಇಲ್ಲಿ ಹಳೆಯ ಹೆಸರನ್ನೇ ಬರೆದಿದ್ದೇನೆ, ನಾನು ಬದುಕಿದ್ದು ಆ ಹೆಸರಿನ ಊರಿನಲ್ಲಿ.

ಪ್ರಶ್ನೆ: ಸುನಾಮಿ ಆದಮೇಲೆ ಆ ಊರಿಗೆ ಮತ್ತೆ ಹೋಗಿದ್ದೀರಾ?
*(ಜಯನಗರದ ಓದುಗರು)*

ಉತ್ತರ: 2011ರಲ್ಲಿ ಹೋಗಿದ್ದೆ. ಸುನಾಮಿ ಅಂದರೆ ಅಲೆ ಬಂತು, ಹೋಯಿತು ಅಂತ ನಾವು ಇಲ್ಲಿ ತಿಳಿದಿದ್ದೇವೆ. ಅಲ್ಲಿ ನೆಲವೇ ಕೆಳಗಿಳಿಯಿತು. 2004ರ ಡಿಸೆಂಬರ್ 26ರ ಭೂಕಂಪಕ್ಕೆ ಪೋರ್ಟ್ ಬ್ಲೇರ್ ಸುತ್ತಲ ನೆಲ ಹೆಚ್ಚುಕಡಿಮೆ ಒಂದು ಮೀಟರ್ ಕುಸಿಯಿತು. ಉತ್ತರದ ಡಿಗ್ಲಿಪುರದ ಕಡೆ ಉಲ್ಟಾ, ನೆಲ ಮೇಲೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಗೆ ಬಂದು ಸತ್ತವು.

ಊರಿನ ಹೊರಗೆ ಸಿಪ್ಪಿಘಾಟ್ ಅಂತ ಇದೆ. ನಾವಿದ್ದಾಗ ರಸ್ತೆಯ ಎರಡೂ ಬದಿ ಭತ್ತದ ಗದ್ದೆ, ತೆಂಗು, ಅಡಿಕೆ. ನನಗೆ ಮಲೆನಾಡು ನೆನಪಾದಾಗ ಯಜಮಾನರು ಸ್ಕೂಟರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. 2011ರಲ್ಲಿ ನೋಡಿದರೆ ಅದೆಲ್ಲ ಉಪ್ಪುನೀರಿನ ಕೆರೆ. ತಲೆಯಿಲ್ಲದ ತೆಂಗಿನ ಬೊಡ್ಡೆಗಳು ನೀರಿನಲ್ಲಿ ನಿಂತಿದ್ದವು. ಗದ್ದೆಯ ಬದು ಇದ್ದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಹುಟ್ಟಿತ್ತು. ಬೆಳ್ಳಕ್ಕಿಗಳು ಮಾತ್ರ ಮೊದಲಿನ ಹಾಗೇ ಇದ್ದವು.

ನನ್ನ ಹಳೇ ವಿದ್ಯಾರ್ಥಿಯೊಬ್ಬ ಜೊತೆಗೆ ಬಂದಿದ್ದ. ನೀರಿನ ನಡುವೆ ಓರೆಯಾಗಿ ನಿಂತ ಒಂದು ಲೈಟ್ ಕಂಬ ತೋರಿಸಿ, "ಮಿಸ್, ಆ ಕಂಬದವರೆಗೂ ನಮ್ಮದು" ಅಂದ. "ನಮ್ಮದಾಗಿತ್ತು" ಅನ್ನಲಿಲ್ಲ. ಅವನೀಗ ಗಾರಾಚರ್ಮಾದಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ. ಮಾರುವುದು ಚೆನ್ನೈ ಹಡಗಿನಲ್ಲಿ ಬರುವ ಅಕ್ಕಿ. ಹೆಬ್ಬಾಳದ ಓದುಗರೇ, ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಅವನ ಅಂಗಡಿಯ ಗುರುತು ಹೇಳುತ್ತೇನೆ. ನೀರಿನ ಡ್ರಮ್ ಎಲ್ಲಿ ಒಳ್ಳೆಯದು ಸಿಗುತ್ತದೆ ಅಂತ ಅವನಿಗೆ ಗೊತ್ತು.