ಬೆಳೆ ಇಲ್ಲದಾಗಲೂ ಗದ್ದೆಯಲ್ಲಿ ನೀರು ಯಾಕೆ?

ನಮಸ್ಕಾರ. ನಾವು ಹಾಕಿದ್ದ, ಚೀನಾದ ‘ಹಾನಿ’ ಎಂಬ ಬೆಟ್ಟದ ಸಮುದಾಯದ ಜನರ ಮೆಟ್ಟಿಲು ಗದ್ದೆಗಳ ಫೋಟೊ ನೋಡಿ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಪಂಪು ಇಲ್ಲದೆ ಅಷ್ಟು ಎತ್ತರಕ್ಕೆ ನೀರು ಹೇಗೆ ಹೋಗುತ್ತದೆ? ಅಷ್ಟೊಂದು ನೀರಿದ್ದೂ ವರ್ಷಕ್ಕೆ ಒಂದೇ ಬೆಳೆ ಯಾಕೆ? ಕೊಯ್ಲಾದ ಮೇಲೂ ಗದ್ದೆ ತುಂಬ ನೀರು ನಿಲ್ಲಿಸಿಕೊಳ್ಳುವುದು ಸುಮ್ನೆ ದಂಡ ಅಲ್ವಾ? ಜೊತೆಗೆ, ‘ಇದೆಲ್ಲ ಪ್ರವಾಸಿಗರು ಫೋಟೊ ತೆಗೆಯಲಿ ಅಂತ ಮಾಡುವುದಿರಬೇಕು’ ಎಂದೂ ಬರೆದಿದ್ದೀರಿ. ಆ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ.

ಮೊದಲು ನೀರಿನ ವಿಷಯ. ಅದನ್ನು ಯಾರೂ ಮೇಲಕ್ಕೆ ಎತ್ತುವುದಿಲ್ಲ, ಅದು ಮೇಲಿನಿಂದಲೇ ಇಳಿದು ಬರುತ್ತದೆ. ಈ ಗದ್ದೆಗಳಿರುವುದು ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ, ಕೆಂಪು ನದಿಯ ದಕ್ಷಿಣಕ್ಕಿರುವ ಐಲಾವೊ ಬೆಟ್ಟಸಾಲಿನಲ್ಲಿ. ಕೆಳಗೆ ನದಿಯ ಕಣಿವೆಯಲ್ಲಿ ಸೆಕೆ. ಅಲ್ಲಿಂದ ಎದ್ದ ಆವಿ ಮೇಲೆ ಹೋಗಿ ಮಂಜಾಗಿ, ಮಳೆಯಾಗಿ ಬೆಟ್ಟದ ನೆತ್ತಿಯ ಕಾಡಿಗೆ ಬೀಳುತ್ತದೆ. ಕಾಡು ಅದನ್ನು ಹಿಡಿದಿಟ್ಟುಕೊಂಡು ಒರತೆಗಳಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಕಾಡಿನ ಕೆಳಗೆ ಊರು, ಊರಿನ ಕೆಳಗೆ ಗದ್ದೆ, ಗದ್ದೆಯ ಕೆಳಗೆ ನದಿ. ಯುನೆಸ್ಕೊ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಬರೀ ಗದ್ದೆಯನ್ನಲ್ಲ, 16,603 ಹೆಕ್ಟೇರಿನ ಈ ಇಡೀ ಏರ್ಪಾಡನ್ನು, ಅದರೊಳಗಿನ 82 ಊರುಗಳ ಸಮೇತ. ಪ್ರತಿ ಊರಿಗೂ ಒಂದು ದೇವರ ಕಾಡಿದೆ. ಅಲ್ಲಿ ಮರ ಕಡಿಯುವ ಹಾಗಿಲ್ಲ. ಬೇಸಾಯ ಶುರುವಾಗುವ ಮೊದಲು ಅಲ್ಲೇ ಪೂಜೆ, ಆಮೇಲೆ ಊರ ಬೀದಿಯಲ್ಲಿ ಉದ್ದಕ್ಕೆ ಮೇಜು ಜೋಡಿಸಿ ಎಲ್ಲರಿಗೂ ಒಟ್ಟಿಗೆ ಊಟ.

ನೀರು ಹಂಚುವ ರೀತಿ ನನಗೆ ಬಹಳ ಇಷ್ಟ. ಕಾಲುವೆ ಕವಲೊಡೆಯುವ ಕಡೆ ಅಡ್ಡಲಾಗಿ ಒಂದು ಮರದ ದಿಮ್ಮಿ ಇಡುತ್ತಾರೆ, ಕೆಲವು ಕಡೆ ಕಲ್ಲು. ಅದರ ಮೇಲೆ ಬೇರೆ ಬೇರೆ ಅಗಲದ ಕಚ್ಚು ಕೊರೆದಿರುತ್ತಾರೆ. ಯಾವ ಕಡೆ ಗದ್ದೆ ಜಾಸ್ತಿಯೋ ಆ ಕಡೆಯ ಕಚ್ಚು ಅಗಲ. ನೀರು ತಾನಾಗಿಯೇ ಪಾಲಾಗಿ ಹರಿಯುತ್ತದೆ, ಯಾರಿಗೆ ಎಷ್ಟು ಅನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಲುವೆಯ ಹೂಳು ತೆಗೆಯಲು, ಕಚ್ಚುಗಳ ಮೇಲೆ ಕಣ್ಣಿಡಲು ಊರಿನವರೇ ಒಬ್ಬರನ್ನು ನೇಮಿಸಿ, ಹಿಂದಿನಿಂದಲೂ ಭತ್ತದ ರೂಪದಲ್ಲಿ ಕೂಲಿ ಕೊಡುತ್ತಿದ್ದರು. ನಮ್ಮ ಕೆರೆ ಬಯಲಿನ ನೀರುಗಂಟಿ ಮಾಡುತ್ತಿದ್ದ ಕೆಲಸವೇ ಅದು. ಗೊಬ್ಬರ ಹೊರುವ ಕೆಲಸವನ್ನೂ ಇದೇ ನೀರಿಗೆ ವಹಿಸಿದ್ದಾರೆ. ಎಮ್ಮೆ, ಹಂದಿಗಳ ಗೊಬ್ಬರವನ್ನು ಊರಿನ ಗುಂಡಿಯಲ್ಲಿ ಕೂಡಿಹಾಕಿ, ನಾಟಿಯ ಕಾಲ ಬಂದಾಗ ಗುಂಡಿಗೆ ನೀರು ಬಿಟ್ಟು ಕದಡುತ್ತಾರೆ. ಆ ಗೊಬ್ಬರದ ನೀರು ಕಾಲುವೆ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಿಳಿಯುತ್ತದೆ.

ಒಂದೇ ಬೆಳೆ ಯಾಕೆ ಅಂದರೆ, ಅಲ್ಲಿ ಚಳಿ. ಅದೇ ಮುಖ್ಯ ಕಾರಣ. ಸಾವಿರಾರು ಅಡಿ ಎತ್ತರದಲ್ಲಿ ಬೇಸಿಗೆ ಚಿಕ್ಕದು, ಅಲ್ಲಿನ ಕೆಂಪಕ್ಕಿಯ ಭತ್ತ ಮಾಗಲು ತಿಂಗಳುಗಟ್ಟಲೆ ಬೇಕು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಕೊಯ್ಲಾದ ಕೂಡಲೇ ಅವರು ಕೂಳೆಯನ್ನು ಕೆಸರಿಗೆ ತುಳಿದು, ಬದುವಿನ ಕಳೆ ಕೆರೆದು, ಸಡಿಲಾದ ಕಡೆ ಹಸಿ ಮಣ್ಣು ಮೆತ್ತಿ ಮತ್ತೆ ನೀರು ತುಂಬಿಸುತ್ತಾರೆ. ಯಾಕೆಂದರೆ ಅಲ್ಲಿ ಗದ್ದೆ ಒಣಗಿದರೆ ಕೆಟ್ಟಿತು. ತಳದ ಮಣ್ಣು ಬಿರುಕು ಬಿಡುತ್ತದೆ, ಮುಂದಿನ ಮಳೆಯ ನೀರು ಆ ಬಿರುಕಿಗಿಳಿಯುತ್ತದೆ, ಬದು ಜಾರುತ್ತದೆ. ಕಡಿದಾದ ಬೆಟ್ಟದಲ್ಲಿ ಜಾರಿದ ಬದು ಕೆಳಗಿನ ಗದ್ದೆಯನ್ನೂ ಎಳೆದುಕೊಂಡೇ ಹೋಗುತ್ತದೆ. ನೀವು ದಂಡ ಅಂದುಕೊಂಡ ಆ ನೀರೇ ಬೆಟ್ಟವನ್ನು ಹಿಡಿದು ನಿಲ್ಲಿಸಿದೆ. ಅದರಲ್ಲಿ ಮೀನು ಬೆಳೆಯುತ್ತದೆ, ಬಾತುಕೋಳಿ ಮೇಯುತ್ತದೆ. ಬಾತುಮೊಟ್ಟೆ ಅಲ್ಲಿನವರ ದಿನದ ಊಟಕ್ಕೂ ಆಯಿತು, ಸಂತೆಗೂ ಆಯಿತು.

ಸುಮಾರು 1300 ವರ್ಷಗಳಿಂದ ಹೀಗೆ ನಡೆದುಬಂದಿದೆ. ಆಗ ಕ್ಯಾಮೆರಾ ಎಲ್ಲಿತ್ತು ಹೇಳಿ? ಬದು ಕಟ್ಟಿದವರು ಮನೆಮಂದಿಯ ಅನ್ನಕ್ಕಾಗಿ ಕಟ್ಟಿದರು.

ಆದರೆ ನಿಮ್ಮ ಅನುಮಾನದ ಹಿಂದಿನ ಆತಂಕ ನನಗೂ ಇದೆ. ಕೆಂಪಕ್ಕಿಯ ಇಳುವರಿ ಕಡಿಮೆ. ಗದ್ದೆಗಳು ಕಿರಿದು, ಟ್ರ್ಯಾಕ್ಟರ್ ಇಳಿಯುವುದಿಲ್ಲ, ಎಮ್ಮೆ ಕಟ್ಟಿಯೇ ಉಳಬೇಕು. ಪಟ್ಟಣದ ಕೂಲಿ ಇದಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಹುಡುಗರು ಊರು ಬಿಡುತ್ತಿದ್ದಾರೆ. ಬದು ಮೆತ್ತುವ ಕೆಲಸ ವಯಸ್ಸಾದವರ ತಲೆಗೆ ಬಿದ್ದಿದೆ. ಕೆಲವರು ನೀರು ತೆಗೆದು ಮುಸುಕಿನ ಜೋಳದಂಥ ಒಣ ಬೆಳೆ ಹಾಕಿದ್ದಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಗದ್ದೆ ನೋಡಲು ಬಂದವರಿಂದ ಸಿಗುವ ದುಡ್ಡು ಹೋಟೆಲ್ಲು, ಟಿಕೆಟ್ಟುಗಳಲ್ಲೇ ನಿಂತುಬಿಡದೆ ಬದು ಕಾಯುವ ಮನೆಗಳಿಗೆ ಮುಟ್ಟಬೇಕು, ಕೆಂಪಕ್ಕಿಗೆ ಒಳ್ಳೆ ಬೆಲೆ ಸಿಗಬೇಕು. ಇಲ್ಲದಿದ್ದರೆ ಯಾವ ಪಟ್ಟಿಗೆ ಸೇರಿಸಿದರೂ ಆ ಹುಡುಗರು ವಾಪಸ್ ಬರುವುದಿಲ್ಲ.

ನೀವು ಹೋಗಿ ನೋಡುವ ಆಸೆ ಇದೆ ಎಂದಿದ್ದೀರಿ. ಗದ್ದೆಯಲ್ಲಿ ಬರೀ ನೀರಿರುವ ಚಳಿಗಾಲಕ್ಕೇ ಎಲ್ಲರೂ ಹೋಗುತ್ತಾರೆ, ನಮ್ಮ ಫೋಟೊ ಕೂಡ ಆಗಿನದೇ. ನೀವು ನಾಟಿಯ ಹೊತ್ತಿಗೋ ಕೊಯ್ಲಿನ ಹೊತ್ತಿಗೋ ಹೋಗಿ, ಜನ ಗದ್ದೆಯಲ್ಲಿರುತ್ತಾರೆ. ಉಳಿಯುವುದು ಊರಿನ ಮನೆಯಲ್ಲೇ ಆಗಲಿ. ಬರುವಾಗ ಅವರಿಂದಲೇ ಒಂದಿಷ್ಟು ಕೆಂಪಕ್ಕಿ ಕೊಂಡುಕೊಳ್ಳಿ.