ನಾರ್ಮಲ್ ಬ್ಯೂಟೇನ್ ಮತ್ತು ಐಸೋಬ್ಯೂಟೇನ್ ಬೇರ್ಪಡಿಸುವ ಜಿಯೋಲೈಟ್ ಪೊರೆ ಹೇಗೆ ಮಾಡ್ತಾರೆ?
ಜಿಯೋಲೈಟ್ ಅಂದರೆ ಅಣುವಿನಷ್ಟು ಸಣ್ಣ ರಂಧ್ರಗಳಿರುವ ಹರಳು. ಹರಳಿನ ಬೀಜ ಹಾಕಿ ಬೆಳೆಸುವ ವಿಧಾನವನ್ನೇ ನಾನು ಹೇಳೋದು. ಸಣ್ಣ ರಂಧ್ರಗಳಿರುವ ಅಲ್ಯೂಮಿನಾ ಕೊಳವೆಗೆ ಸಿಲಿಕಲೈಟ್-1 ಎಂಬ ಜಿಯೋಲೈಟ್‌ನ ಪುಟ್ಟ ಹರಳುಗಳನ್ನು ತೆಳುವಾಗಿ ಬಳಿದು, ಸಿಲಿಕಾ, ನೀರು ಮತ್ತು ಟಿಪಿಎ ಎಂಬ ಸಾವಯವ ಅಣು ಇರುವ ದ್ರಾವಣದಲ್ಲಿ ಮುಳುಗಿಸಿ, ಆಟೋಕ್ಲೇವ್ ಎಂಬ ಬಿಗಿಯಾಗಿ ಮುಚ್ಚಿದ ಒತ್ತಡದ ಪಾತ್ರೆಯಲ್ಲಿ 150-180 ಡಿಗ್ರಿಯಲ್ಲಿ ಇಡುತ್ತಾರೆ. ಹರಳುಗಳು ಬೆಳೆದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಗಲೇ ಒಮ್ಮೆ ನೈಟ್ರೋಜನ್ ಬಿಟ್ಟು ನೋಡಿ. ಟಿಪಿಎ ಇನ್ನೂ ಜಿಯೋಲೈಟ್‌ನ ರಂಧ್ರಗಳನ್ನು ಮುಚ್ಚಿಕೊಂಡೇ ಇರುತ್ತದೆ ಅಲ್ವಾ, ಹಾಗಾಗಿ ಗ್ಯಾಸ್ ದಾಟಿದರೆ ಪೊರೆಯಲ್ಲಿ ತೂತಿದೆ ಅಂತಲೇ ಅರ್ಥ.

ಆಮೇಲೆ ಸುಮಾರು 500 ಡಿಗ್ರಿಗೆ ಕಾಯಿಸಿ ಟಿಪಿಎ ಸುಡಬೇಕು. ಪೊರೆ ಜಾಸ್ತಿ ಹಾಳಾಗೋದು ಇಲ್ಲೇ: ಜಿಯೋಲೈಟ್ ಕುಗ್ಗುತ್ತದೆ, ಅಲ್ಯೂಮಿನಾ ಹಿಗ್ಗುತ್ತದೆ, ಬಿರುಕು ಬೀಳುತ್ತದೆ. ನಿಮಿಷಕ್ಕೆ 1 ಡಿಗ್ರಿಗಿಂತ ಬೇಗ ಏರಿಸಲೇಬೇಡಿ. ಉಳಿಯುವ ರಂಧ್ರ ಸುಮಾರು 0.55 ನ್ಯಾನೋಮೀಟರ್. ನೇರ ಸರಪಳಿಯ ಬ್ಯೂಟೇನ್ ಸಲೀಸಾಗಿ ನುಸುಳುತ್ತದೆ, ಕವಲಿರುವ ಐಸೋಬ್ಯೂಟೇನ್ ತಿಣುಕುತ್ತದೆ.